ಸಂಸತ್ತಿನಲ್ಲಿ ಒಂದು ವಾರ: ಮಸೂದೆಗೊಂದು ರಾಜಮಾರ್ಗ, ಹಲವು ಒಳದಾರಿ

2025ರ ಆಗಸ್ಟ್ 20, ಬುಧವಾರ. ಅಂದು ಲೋಕಸಭೆಯಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆ ಮಂಡನೆಯಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸುವ, ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಮಸೂದೆ ಅದು. ಅವತ್ತೇ ಸಂಜೆಯೊಳಗೆ ಲೋಕಸಭೆ ಅದನ್ನು ಗದ್ದಲದ ನಡುವೆ ಧ್ವನಿಮತದಿಂದ ಪಾಸು ಮಾಡಿತು. ಮರುದಿನ ರಾಜ್ಯಸಭೆಯಲ್ಲೂ ಪಾಸಾಯಿತು. 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೂರು ದಿನ, ಒಂದು ಕಾನೂನು.

ಅದೇ ಬುಧವಾರ, ಅದೇ ಸದನದಲ್ಲಿ ಇನ್ನೊಂದು ಮಸೂದೆಯೂ ಮಂಡನೆಯಾಯಿತು: ಸಂವಿಧಾನದ 130ನೇ ತಿದ್ದುಪಡಿ ಮಸೂದೆ. ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗಬಹುದಾದ ಆರೋಪದಲ್ಲಿ ಬಂಧನಕ್ಕೊಳಗಾಗಿ ಸತತ 30 ದಿನ ಕಸ್ಟಡಿಯಲ್ಲಿದ್ದರೆ ಪ್ರಧಾನಿಯಿಂದ ಹಿಡಿದು ರಾಜ್ಯದ ಮಂತ್ರಿಯವರೆಗೆ ಯಾರೇ ಆಗಲಿ ಹುದ್ದೆ ಬಿಡಬೇಕು ಎನ್ನುವ ಮಸೂದೆ. ಅದು ಪಾಸಾಗಲಿಲ್ಲ, ಎರಡೂ ಸದನಗಳ ಸದಸ್ಯರಿರುವ ಜಂಟಿ ಸಂಸದೀಯ ಸಮಿತಿಗೆ ಹೋಯಿತು.

ಒಂದೇ ದಿನ ಬಂದ ಎರಡು ಮಸೂದೆಗಳು ಬೇರೆ ಬೇರೆ ದಾರಿ ಹಿಡಿದವು. ದಾರಿ ತೀರ್ಮಾನಿಸುವವರು ಯಾರು? ವಾರದ ಕೆಲಸ ಏನೆಂದು ನಿಗದಿ ಮಾಡುವವರು ಯಾರು? ನಾವು ಆರಿಸಿ ಕಳಿಸಿದ ಸಂಸದರಿಗೆ ಇದರಲ್ಲಿ ಎಷ್ಟು ಮಾತಿದೆ? 'ಸಂಸತ್ ಕಲಾಪ ಬಲಿ', 'ಗದ್ದಲದ ನಡುವೆ ಮಸೂದೆ ಅಂಗೀಕಾರ' ಅನ್ನೋ ತಲೆಬರಹಗಳನ್ನು ಓದಿ ಮುಂದೆ ಹೋಗುವ ಮೊದಲು ಈ ಯಂತ್ರ ಹೇಗೆ ಓಡುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ವಾರದ ಕೆಲಸ ನಿಗದಿಯಾಗುವುದು ಹೇಗೆ?

ಮೊದಲ ಸಂಗತಿ: ಸಂಸತ್ತು ತಾನಾಗಿ ಸೇರುವುದಿಲ್ಲ. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂದಷ್ಟೇ ಸಂವಿಧಾನದ 85ನೇ ವಿಧಿ ಹೇಳುತ್ತದೆ. ಯಾವಾಗ ಸೇರಬೇಕು, ಎಷ್ಟು ದಿನ ಸೇರಬೇಕು ಅನ್ನುವುದನ್ನು ತೀರ್ಮಾನಿಸುವುದು ಸರ್ಕಾರ. ರಾಷ್ಟ್ರಪತಿಗಳ ಹೆಸರಿನಲ್ಲಿ ಕರೆ ಹೋಗುತ್ತದೆ. ಬಜೆಟ್, ಮಳೆಗಾಲ, ಚಳಿಗಾಲ ಎಂಬ ಮೂರು ಅಧಿವೇಶನ ಬರೀ ವಾಡಿಕೆ, ನಿಯಮವಲ್ಲ. ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಸೇರಿತ್ತು. 2019ರಿಂದ 2024ರವರೆಗಿನ 17ನೇ ಲೋಕಸಭೆ ವರ್ಷಕ್ಕೆ ಸರಾಸರಿ 55 ದಿನ ಸೇರಿತು.

ಅಧಿವೇಶನ ಶುರುವಾದ ಮೇಲೆ ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂದು ಹಂಚುವುದು ಕಲಾಪ ಸಲಹಾ ಸಮಿತಿ. ಲೋಕಸಭೆಯಲ್ಲಿ ಸ್ಪೀಕರ್ ಇದರ ಅಧ್ಯಕ್ಷರು. ಪಕ್ಷಗಳ ನಾಯಕರು ಸದಸ್ಯರು. 'ಈ ಮಸೂದೆಗೆ ನಾಲ್ಕು ಗಂಟೆ, ಅದಕ್ಕೆ ಎರಡು ಗಂಟೆ' ಎಂಬ ಲೆಕ್ಕ ಇಲ್ಲಿ ಆಗುತ್ತದೆ. ವಾರದ ಕೊನೆಗೆ ಸಂಸದೀಯ ವ್ಯವಹಾರಗಳ ಸಚಿವಾಲಯದ ಮಂತ್ರಿ ಎದ್ದು ನಿಂತು ಮುಂದಿನ ವಾರ ಸರ್ಕಾರ ಏನೇನು ತರಲಿದೆ ಎಂದು ಸದನಕ್ಕೆ ಓದಿ ಹೇಳುತ್ತಾರೆ. ಆಮೇಲೆ ದಿನಕ್ಕೊಂದು ಕಾರ್ಯಕಲಾಪ ಪಟ್ಟಿ ಪ್ರಕಟವಾಗುತ್ತದೆ. ಅದು ಸಂಸತ್ತಿನ ವೆಬ್‌ಸೈಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ.

ಅಧಿವೇಶನ ನಡೆಯುವಾಗ ನಾನು ಈ ಪಟ್ಟಿಯನ್ನು ಹಿಂದಿನ ಸಂಜೆಯೇ ತೆರೆದು ನೋಡುತ್ತೇನೆ. ಅದರಲ್ಲಿ ಕಣ್ಣಿಡಬೇಕಾದ್ದು 'ಪೂರಕ ಪಟ್ಟಿ' ಎಂಬ ಭಾಗ. ಕೊನೇ ಗಳಿಗೆಯಲ್ಲಿ ಸೇರಿಸಿದ ಕೆಲಸ ಇಲ್ಲಿ ಬರುತ್ತದೆ. ಮಂಡನೆಗೆ ಎರಡು ದಿನ ಮೊದಲೇ ಮಸೂದೆಯ ಪ್ರತಿ ಸದಸ್ಯರ ಕೈಗೆ ಸಿಗಬೇಕು ಎಂಬ ನಿರ್ದೇಶನ ಲೋಕಸಭೆಯಲ್ಲಿದೆ. ಆದರೆ ಸ್ಪೀಕರ್ ಒಪ್ಪಿದರೆ ಇದನ್ನು ಸಡಿಲಿಸಬಹುದು. ಮೊದಲ ಒಳದಾರಿ ತೆರೆಯುವುದೇ ಇಲ್ಲಿ.

ದಿನ ಶುರುವಾಗುವುದು ಪ್ರಶ್ನೆಯಿಂದ

ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12 ಪ್ರಶ್ನೋತ್ತರ ಕಲಾಪ. ರಾಜ್ಯಸಭೆಯಲ್ಲಿ 2014ರಿಂದ ಅದನ್ನು ಮಧ್ಯಾಹ್ನ 12ಕ್ಕೆ ಸರಿಸಲಾಗಿದೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆರಹಿತ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಿ ಬಿಟ್ಟು ಉತ್ತರಿಸಬೇಕು. ಸದಸ್ಯರು ಎದ್ದು ಉಪಪ್ರಶ್ನೆ ಕೇಳಬಹುದು. ಚುಕ್ಕೆರಹಿತ ಪ್ರಶ್ನೆಗೆ ಲಿಖಿತ ಉತ್ತರ ಸಾಕು.

ಸದನ ಗದ್ದಲದಲ್ಲಿ ಮುಂದೂಡಿದರೂ ಲಿಖಿತ ಉತ್ತರಗಳು ಮೇಜಿನ ಮೇಲೆ ಬರುತ್ತವೆ, ದಾಖಲೆಯಾಗಿ ಉಳಿಯುತ್ತವೆ. ಎಷ್ಟು ಹುದ್ದೆ ಖಾಲಿ ಇವೆ, ಯಾವ ರಾಜ್ಯಕ್ಕೆ ಎಷ್ಟು ಅನುದಾನ ಬಿಡುಗಡೆಯಾಗಿದೆ ಎಂಬ ಎಷ್ಟೋ ಸುದ್ದಿಗಳ ಮೂಲ ಇದೇ. ಕಳೆದುಹೋಗುವುದು ಉಪಪ್ರಶ್ನೆ. ಇಲಾಖೆ ಬರೆದುಕೊಟ್ಟ ಉತ್ತರವನ್ನು ಮಂತ್ರಿ ಎಲ್ಲರೆದುರು ಸಮರ್ಥಿಸಿಕೊಳ್ಳಬೇಕಾದ ಆ ಒಂದೆರಡು ನಿಮಿಷ ಇಲ್ಲವಾಗುತ್ತದೆ.

12 ಗಂಟೆಗೆ ಶೂನ್ಯವೇಳೆ. ನಿಯಮಾವಳಿ ಪುಸ್ತಕದಲ್ಲಿ ಈ ಹೆಸರೇ ಇಲ್ಲ, ರೂಢಿಯಲ್ಲಿ ಬೆಳೆದುಬಂದದ್ದು. ತಮ್ಮ ಕ್ಷೇತ್ರದ ತುರ್ತು ವಿಷಯವನ್ನು ಸಂಸದರು ಇಲ್ಲಿ ಎತ್ತುತ್ತಾರೆ. ಸರ್ಕಾರ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು ಅಂತೇನಿಲ್ಲ. ನಿಮ್ಮ ಸಂಸದರು ಫೇಸ್‌ಬುಕ್ಕಿನಲ್ಲಿ ಹಾಕುವ 'ಸಂಸತ್ತಿನಲ್ಲಿ ಗುಡುಗಿದೆ' ಎಂಬ ವಿಡಿಯೊ ಶೂನ್ಯವೇಳೆಯದೋ, ಉಪಪ್ರಶ್ನೆಯದೋ ಅಂತ ಒಮ್ಮೆ ನೋಡಿ. ಎರಡಕ್ಕೂ ತೂಕ ಬೇರೆ.

ಮಸೂದೆಯ ರಾಜಮಾರ್ಗ

ಪುಸ್ತಕದ ಪ್ರಕಾರ ಮಸೂದೆ ಹೀಗೆ ಸಾಗಬೇಕು. ಇಲಾಖೆ ಕರಡು ಬರೆಯುತ್ತದೆ. 2014ರಲ್ಲಿ ಕೇಂದ್ರ ಸರ್ಕಾರವೇ ಮಾಡಿಕೊಂಡ ನೀತಿಯಂತೆ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳಬೇಕು. ಇದು ನೀತಿ ಮಾತ್ರ, ಕಾನೂನಲ್ಲ, ಪಾಲಿಸದಿದ್ದರೆ ಕೇಳುವವರಿಲ್ಲ. ನಂತರ ಸಂಪುಟದ ಒಪ್ಪಿಗೆ, ಸದನದಲ್ಲಿ ಮಂಡನೆ. ಮಂಡನೆಯನ್ನೇ ವಿರೋಧಿಸಿ ಮತಕ್ಕೆ ಹಾಕಿಸಬಹುದು. 2024ರ ಡಿಸೆಂಬರ್ 17ರಂದು 'ಒಂದು ದೇಶ, ಒಂದು ಚುನಾವಣೆ' ಮಸೂದೆ ಮಂಡಿಸುವಾಗ ಹಾಗೇ ಆಯಿತು: ಪರ 269, ವಿರುದ್ಧ 198. ಸಂವಿಧಾನ ತಿದ್ದುಪಡಿ ಪಾಸಾಗಲು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕು. ಅಷ್ಟು ಬಲ ಸರ್ಕಾರದ ಬಳಿ ಅಂದು ಇರಲಿಲ್ಲ ಅನ್ನುವುದು ಆ ಸಂಖ್ಯೆಯಲ್ಲೇ ಗೊತ್ತಾಯಿತು. ಮಸೂದೆ ಜಂಟಿ ಸಮಿತಿಗೆ ಹೋಯಿತು.

ಮಂಡನೆಯಾದ ಮೇಲೆ ಮಸೂದೆಯನ್ನು ಸ್ಥಾಯಿ ಸಮಿತಿಗೆ ಕಳಿಸಬಹುದು. ಇಲಾಖೆಗಳಿಗೆ ಸಂಬಂಧಿಸಿದ ಇಂಥ 24 ಸಮಿತಿಗಳಿವೆ. ಒಂದೊಂದರಲ್ಲೂ 31 ಸದಸ್ಯರು: 21 ಮಂದಿ ಲೋಕಸಭೆಯವರು, 10 ಮಂದಿ ರಾಜ್ಯಸಭೆಯವರು. ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ, ತಜ್ಞರನ್ನು, ಸಂಘಟನೆಗಳನ್ನು ಕರೆಯುತ್ತದೆ, ಜನರಿಂದ ಸಲಹೆ ಆಹ್ವಾನಿಸುತ್ತದೆ. ಸಭೆ ಬಾಗಿಲು ಮುಚ್ಚಿ ನಡೆಯುತ್ತದೆ, ಕ್ಯಾಮೆರಾ ಇರುವುದಿಲ್ಲ. ಪಕ್ಷಾಂತರ ನಿಷೇಧ ಕಾನೂನಿನ ವಿಪ್ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಆಡಳಿತ ಪಕ್ಷದ ಸಂಸದರೂ ಇಲ್ಲಿ 'ಈ ಕಲಂ ಸರಿ ಇಲ್ಲ' ಎಂದು ಬಾಯಿ ಬಿಡುವುದುಂಟು. ಸಮಿತಿಯ ವರದಿಯನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಆದರೆ ಭಿನ್ನಮತದ ಟಿಪ್ಪಣಿ ಸಹಿತ ಎಲ್ಲವೂ ದಾಖಲೆಯಾಗುತ್ತದೆ. ನಾಳೆ ಕೋರ್ಟು, ಪತ್ರಕರ್ತರು, ನಾವು-ನೀವು ಅದನ್ನು ತೆರೆದು ನೋಡಬಹುದು.

ಸಮಿತಿಯಿಂದ ಬಂದ ಮೇಲೆ ಸದನದಲ್ಲಿ ಸಾಮಾನ್ಯ ಚರ್ಚೆ, ಕಲಂವಾರು ಪರಿಶೀಲನೆ, ತಿದ್ದುಪಡಿಗಳ ಮೇಲೆ ಮತ, ಕೊನೆಗೆ ಇಡೀ ಮಸೂದೆಯ ಮೇಲೆ ಮತ. ಇನ್ನೊಂದು ಸದನದಲ್ಲೂ ಇದೇ ಕ್ರಮ.

ಈಗ ಲೆಕ್ಕ ನೋಡಿ. ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಅಂಕಿಅಂಶದಂತೆ 15ನೇ ಲೋಕಸಭೆಯ ಅವಧಿಯಲ್ಲಿ ಶೇ. 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ ಅದು ಶೇ. 16ಕ್ಕೆ ಇಳಿಯಿತು. ಆ ಐದು ವರ್ಷಗಳಲ್ಲಿ ಶೇ. 35ರಷ್ಟು ಮಸೂದೆಗಳು ಲೋಕಸಭೆಯಲ್ಲಿ ಒಂದು ಗಂಟೆಗಿಂತ ಕಡಿಮೆ ಚರ್ಚೆಯಲ್ಲಿ ಪಾಸಾದವು. ಸಮಿತಿಗೆ ಕಳಿಸಲೇಬೇಕು ಎಂಬ ನಿಯಮ ಇಲ್ಲ. ಕಳಿಸುವ ಒಲವು ಸರ್ಕಾರಕ್ಕಿದ್ದರೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ಒಂದು ಸಾಲಿನ ಬೆಲೆ

'ಚರ್ಚೆ ಆಗಲಿಲ್ಲ, ಸರಿ. ಅದರಿಂದ ನಮಗೇನು ನಷ್ಟ?' ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎರಡು ಉದಾಹರಣೆ ಕೊಡುತ್ತೇನೆ.

ಒಂದು, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ಬೇರು ಕರ್ನಾಟಕದವರೊಬ್ಬರ ಹೋರಾಟದಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಹಕ್ಕಿಗೆ ಕಾನೂನಿನ ಕವಚ ಬೇಕಿತ್ತು. 2019ರಲ್ಲಿ ಒಂದು ಮಸೂದೆ ಬಂತು, ಜಂಟಿ ಸಮಿತಿ ಎರಡು ವರ್ಷ ಕೂತು ವರದಿ ಕೊಟ್ಟಿತು, 2022ರ ಆಗಸ್ಟ್‌ನಲ್ಲಿ ಸರ್ಕಾರ ಆ ಮಸೂದೆಯನ್ನೇ ವಾಪಸ್ ತೆಗೆದುಕೊಂಡಿತು. ಹೊಸ ಮಸೂದೆ 2023ರ ಆಗಸ್ಟ್ 3ರಂದು ಮಂಡನೆಯಾಗಿ, 7ರಂದು ಲೋಕಸಭೆಯಲ್ಲಿ, 9ರಂದು ರಾಜ್ಯಸಭೆಯಲ್ಲಿ ಪಾಸಾಯಿತು. ಆಗ ಮಣಿಪುರದ ಬಗ್ಗೆ ಪ್ರತಿಪಕ್ಷಗಳ ಪ್ರತಿಭಟನೆ ನಡೆಯುತ್ತಿತ್ತು. ಹೊಸ ಮಸೂದೆ ಯಾವ ಸಮಿತಿಗೂ ಹೋಗಲಿಲ್ಲ.

ಆ ಕಾಯ್ದೆಯ 44ನೇ ಕಲಂನಲ್ಲಿ ಒಂದು ಉಪಕಲಂ ಇದೆ. ಅದು ಮಾಹಿತಿ ಹಕ್ಕು ಕಾಯ್ದೆಯನ್ನು ತಿದ್ದುತ್ತದೆ! ಮೊದಲು ಆರ್‌ಟಿಐನಲ್ಲಿ ವೈಯಕ್ತಿಕ ಮಾಹಿತಿ ನಿರಾಕರಿಸಬೇಕಾದರೆ ಒಂದೋ ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇರಬಾರದಿತ್ತು, ಇಲ್ಲವೇ ಅದರಿಂದ ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯಾಗಬೇಕಿತ್ತು. ಜೊತೆಗೆ ಒಂದು ಚೆಂದದ ಷರತ್ತೂ ಇತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯ ನಾಗರಿಕರಿಗೂ ನಿರಾಕರಿಸುವಂತಿಲ್ಲ. ತಿದ್ದುಪಡಿ ಇದೆಲ್ಲವನ್ನೂ ಕಿತ್ತು ಹಾಕಿ, ವೈಯಕ್ತಿಕ ಮಾಹಿತಿ ಅಂದರೆ ವಿನಾಯಿತಿ ಅಂತಷ್ಟೇ ಉಳಿಸಿತು. 2025ರ ನವೆಂಬರ್‌ನಲ್ಲಿ ಇದು ಜಾರಿಗೆ ಬಂತು. ನಿಮ್ಮೂರಿನ ರಸ್ತೆ ಕಾಮಗಾರಿಯ ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್ ಯಾರು ಎಂದು ಕೇಳಿದರೆ, 'ಅದು ವೈಯಕ್ತಿಕ ಮಾಹಿತಿ' ಎಂದು ಹೇಳಿ ಕಳಿಸಲು ಅಧಿಕಾರಿಗೆ ಈಗ ದಾರಿ ಸಲೀಸು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಎಂಬ ಬೇರೊಂದು ಕಲಂ ಹಾಗೇ ಉಳಿದಿದೆ ಎನ್ನುವುದು ಸರ್ಕಾರದ ವಾದ. ಅದು ನಿಜ. ಆದರೆ ಹಿತ ದೊಡ್ಡದು ಎಂದು ಸಾಧಿಸುವ ಹೊರೆ ಅರ್ಜಿ ಹಾಕಿದವರ ಹೆಗಲಿಗೆ ಬಂತು. ಕಲಂವಾರು ಪರಿಶೀಲನೆ ಅನ್ನುವ ಹಂತ ಇರುವುದೇ ಇಂಥ ಸಾಲನ್ನು ಹಿಡಿದು ನಿಲ್ಲಿಸಿ ಕೇಳುವುದಕ್ಕೆ.

ಎರಡನೆಯದು ಆನ್‌ಲೈನ್ ಗೇಮಿಂಗ್. ಕರ್ನಾಟಕ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅದರ ಮುಖ್ಯ ಕಲಂಗಳನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬುದು ಆ ಪ್ರಕರಣದ ತಿರುಳು. 2025ರ ಕೇಂದ್ರ ಕಾಯ್ದೆ ಹಣ ಕಟ್ಟುವ ಆಟಗಳ ವಿಷಯದಲ್ಲಿ ಆ ಭೇದವನ್ನೇ ಬದಿಗೆ ಸರಿಸಿತು. ಹೀಗೆ ಮಾಡುವುದು ಸರಿಯೂ ಇರಬಹುದು. ಆಟದ ಸಾಲಕ್ಕೆ ಸಿಕ್ಕಿ ಹಾಳಾದ ಮನೆಗಳನ್ನು ನೋಡಿದವರು 'ಬೇಗ ನಿಷೇಧಿಸಿದ್ದೇ ಒಳ್ಳೇದಾಯ್ತು' ಅನ್ನುತ್ತಾರೆ, ಅವರ ಮಾತಿಗೆ ಬೆಲೆಯಿದೆ. ಆದರೆ ಹೈಕೋರ್ಟ್ ಎತ್ತಿದ ಪ್ರಶ್ನೆಗೆ ಉತ್ತರ ಏನು, ನಿಷೇಧದಿಂದ ಆಟಗಾರರು ವಿದೇಶಿ ಆ್ಯಪ್‌ಗಳತ್ತ ಹೋದರೆ ತಡೆಯುವುದು ಹೇಗೆ, ಕೆಲಸ ಕಳೆದುಕೊಳ್ಳುವವರ ಗತಿ ಏನು? ಈ ಮೂರು ಪ್ರಶ್ನೆಗೆ ಸದನದಲ್ಲಿ ಮೂರು ಗಂಟೆ ಸಿಕ್ಕಿದ್ದರೂ ಕಾನೂನು ಇನ್ನಷ್ಟು ಗಟ್ಟಿಯಾಗುತ್ತಿತ್ತು. ಸದನದಲ್ಲಿ ಕೇಳದ ಪ್ರಶ್ನೆ ಮಾಯವಾಗುವುದಿಲ್ಲ, ಅದು ಕೋರ್ಟಿನಲ್ಲಿ ಕೇಳಿಬರುತ್ತದೆ.

ಧ್ವನಿಮತ ಅಂದ್ರೇನು?

ಸ್ಪೀಕರ್ ಕೇಳುತ್ತಾರೆ, ಒಪ್ಪುವವರು 'ಹೌದು' ಎನ್ನಿ, ಒಪ್ಪದವರು 'ಇಲ್ಲ' ಎನ್ನಿ. ಯಾವ ಕಡೆ ದನಿ ಜಾಸ್ತಿ ಅನ್ನಿಸಿತೋ ಆ ಕಡೆಗೆ ತೀರ್ಪು. ಯಾರು ಯಾವ ಕಡೆ ಇದ್ದರು ಎಂದು ಎಲ್ಲೂ ದಾಖಲಾಗುವುದಿಲ್ಲ. ಒಬ್ಬ ಸದಸ್ಯ ತಕರಾರು ತೆಗೆದರೂ ಮತವಿಭಜನೆ ಮಾಡಬೇಕು, ಅಂದರೆ ಗುಂಡಿ ಒತ್ತಿ ಹೆಸರಿನ ಸಮೇತ ಮತ ಎಣಿಸಬೇಕು ಎಂಬುದು ಕ್ರಮ.

2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಬಂದಾಗ ಪ್ರತಿಪಕ್ಷದವರು ಮತವಿಭಜನೆ ಕೇಳಿದರು. ಸದಸ್ಯರು ತಮ್ಮ ಜಾಗದಲ್ಲಿ ಇರಲಿಲ್ಲ ಎಂಬ ಕಾರಣ ಕೊಟ್ಟು ಉಪಸಭಾಪತಿಗಳು ಧ್ವನಿಮತದಲ್ಲೇ ಪಾಸು ಮಾಡಿದರು. ಮರುದಿನ ಎಂಟು ಸಂಸದರ ಅಮಾನತಾಯಿತು. ಆ ಮೇಲೆ ದಿಲ್ಲಿ ಗಡಿಯಲ್ಲಿ ಒಂದು ವರ್ಷ ರೈತರು ಕೂತರು. 2021ರ ನವೆಂಬರ್ 29ರಂದು ಅದೇ ಕಾನೂನುಗಳನ್ನು ವಾಪಸ್ ಪಡೆಯುವ ಮಸೂದೆ ಎರಡೂ ಸದನಗಳಲ್ಲಿ ಒಂದೇ ದಿನ, ಚರ್ಚೆಯಿಲ್ಲದೆ ಪಾಸಾಯಿತು. ಹುಟ್ಟಿದ್ದೂ ಗದ್ದಲದಲ್ಲಿ, ಸತ್ತದ್ದೂ ಮಾತಿಲ್ಲದೆ. ನಡುವಿನ ಚರ್ಚೆಯೆಲ್ಲ ರಸ್ತೆಯಲ್ಲಿ ನಡೆಯಿತು.

ಗದ್ದಲ ಮಾಡುವವರದ್ದೇ ತಪ್ಪಲ್ವಾ?

ಅರ್ಧ ಹೌದು. 2010ರ ಚಳಿಗಾಲದ ಅಧಿವೇಶನ 2ಜಿ ಹಗರಣದ ಜಂಟಿ ಸಮಿತಿಗಾಗಿ ಹೆಚ್ಚು ಕಡಿಮೆ ಪೂರ್ತಿ ಕೊಚ್ಚಿಹೋಯಿತು. ಆಗ ಪ್ರತಿಪಕ್ಷದಲ್ಲಿದ್ದದ್ದು ಬಿಜೆಪಿ. 2014ರ ಫೆಬ್ರವರಿಯಲ್ಲಿ ತೆಲಂಗಾಣ ಮಸೂದೆ ಲೋಕಸಭೆಯಲ್ಲಿ ಪಾಸಾಗುವಾಗ ನೇರ ಪ್ರಸಾರವೇ ನಿಂತುಹೋಗಿತ್ತು. ಆಗ ಸರ್ಕಾರ ಕಾಂಗ್ರೆಸ್ಸಿನದು. ಕುರ್ಚಿ ಬದಲಾದಂತೆ ಮಾತೂ ಬದಲಾಗುತ್ತದೆ.

ಇನ್ನರ್ಧ ಕಾರಣ ವ್ಯವಸ್ಥೆಯಲ್ಲೇ ಇದೆ. ಬ್ರಿಟನ್ನಿನ ಕೆಳಮನೆಯಲ್ಲಿ ಒಂದು ಅಧಿವೇಶನದಲ್ಲಿ 20 ದಿನ ಪ್ರತಿಪಕ್ಷಗಳಿಗೆ ಮೀಸಲು. ಏನು ಚರ್ಚಿಸಬೇಕೆಂದು ಅವರೇ ಆರಿಸುತ್ತಾರೆ. ನಮ್ಮಲ್ಲಿ ಅಂಥ ದಿನವೇ ಇಲ್ಲ. ವಿಷಯ ಚರ್ಚೆಗೆ ಬರಬೇಕಾದರೆ ಸರ್ಕಾರ ಅಥವಾ ಪೀಠ ಒಪ್ಪಬೇಕು. ಒಪ್ಪದಿದ್ದರೆ ಉಳಿಯುವುದು ಸದನದ ಬಾವಿ. ಬಾವಿಗಿಳಿದರೆ ಅಮಾನತು. 2023ರ ಡಿಸೆಂಬರ್‌ನಲ್ಲಿ ಸಂಸತ್ ಭದ್ರತಾ ಲೋಪದ ಬಗ್ಗೆ ಗೃಹಮಂತ್ರಿಗಳ ಹೇಳಿಕೆ ಕೇಳಿ ಪ್ರತಿಭಟಿಸಿದ ಎರಡೂ ಸದನಗಳ 146 ಸಂಸದರು ಅಮಾನತಾದರು. ಹೆಚ್ಚಿನವರು ಹೊರಗಿದ್ದಾಗಲೇ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಬಂದ ಮೂರು ಹೊಸ ಮಸೂದೆಗಳು ಪಾಸಾದವು. ಅವು ಅದಕ್ಕೂ ಮೊದಲು ಸ್ಥಾಯಿ ಸಮಿತಿಗೆ ಹೋಗಿ ಬಂದಿದ್ದವು, ಆ ಮಾತನ್ನೂ ಹೇಳಬೇಕು. ಆದರೆ ದೇಶದ ಪ್ರತಿ ಪೊಲೀಸ್ ಠಾಣೆಯಲ್ಲಿ ಬಳಕೆಯಾಗುವ ಕಾನೂನಿನ ಮೇಲೆ ಮತ ಹಾಕುವಾಗ ಅಷ್ಟೊಂದು ಕ್ಷೇತ್ರಗಳ ಕುರ್ಚಿ ಖಾಲಿ ಇತ್ತು.

ಬಜೆಟ್ಟಿಗೂ ಇದೇ ಗತಿ. ಚರ್ಚೆಗೆ ಸಮಯ ಮುಗಿದಾಗ ಉಳಿದ ಇಲಾಖೆಗಳ ಅನುದಾನದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವುದಕ್ಕೆ 'ಗಿಲೋಟಿನ್' ಅನ್ನುತ್ತಾರೆ. 2023ರಲ್ಲಿ ಒಂದೇ ಒಂದು ಇಲಾಖೆಯ ಬೇಡಿಕೆಯೂ ಚರ್ಚೆಯಾಗದೆ ಸುಮಾರು 45 ಲಕ್ಷ ಕೋಟಿ ರೂಪಾಯಿ ಬಜೆಟ್ಟಿನ ಖರ್ಚಿಗೆ ಲೋಕಸಭೆ ಒಪ್ಪಿಗೆ ಕೊಟ್ಟಿತು.

ಶುಕ್ರವಾರದ ಮಧ್ಯಾಹ್ನ

ಮಂತ್ರಿಯಲ್ಲದ ಯಾವ ಸದಸ್ಯರೂ ಮಸೂದೆ ತರಬಹುದು. ಇವಕ್ಕೆ ಖಾಸಗಿ ಸದಸ್ಯರ ಮಸೂದೆ ಅನ್ನುತ್ತಾರೆ. ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆ ಇವಕ್ಕೆ. ವಾರಾಂತ್ಯಕ್ಕೆ ಊರಿಗೆ ಹೊರಡುವ ಹೊತ್ತು ಅದು, ಸದನ ಅರ್ಧ ಖಾಲಿ. 1952ರಿಂದ ಇಲ್ಲಿಯವರೆಗೆ ಇಂಥ 14 ಮಸೂದೆಗಳು ಮಾತ್ರ ಕಾನೂನಾಗಿವೆ, ಕೊನೆಯದು 1970ರಲ್ಲಿ.

ಹಾಗಂತ ಇದು ದಂಡದ ಕೆಲಸವಲ್ಲ. 2015ರ ಏಪ್ರಿಲ್ 24ರಂದು ಡಿಎಂಕೆಯ ತಿರುಚ್ಚಿ ಶಿವ ಅವರು ತಂದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಮಸೂದೆಯನ್ನು ರಾಜ್ಯಸಭೆ ಪಾಸು ಮಾಡಿತು. ಲೋಕಸಭೆಯಲ್ಲಿ ಅದು ಪಾಸಾಗಲಿಲ್ಲ. ಆದರೆ ಸರ್ಕಾರ ತನ್ನದೇ ಮಸೂದೆ ತರಬೇಕಾಯಿತು, 2019ರಲ್ಲಿ ಅದು ಕಾಯ್ದೆಯಾಯಿತು. ಸರ್ಕಾರದ ಆವೃತ್ತಿ ಶಿವ ಅವರದ್ದಕ್ಕಿಂತ ದುರ್ಬಲ ಎಂದು ಆ ಸಮುದಾಯದ ಹಲವರು ಪ್ರತಿಭಟಿಸಿದರು. ಹೋಲಿಸಿ ನೋಡಲು ಒಂದು ಮಸೂದೆ ಇದ್ದದ್ದರಿಂದಲೇ ಆ ವಾದ ಸಾಧ್ಯವಾಯಿತು.

ಪಾಸಾದ ಮೇಲೂ ಮುಗಿಯುವುದಿಲ್ಲ

ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಕಾಯ್ದೆ ಜಾರಿಯಾಗುವ ದಿನವನ್ನು ಸಾಮಾನ್ಯವಾಗಿ ಸರ್ಕಾರವೇ ಅಧಿಸೂಚನೆ ಹೊರಡಿಸಿ ತಿಳಿಸುತ್ತದೆ. 'ನಿಯಮಗಳಲ್ಲಿ ಸೂಚಿಸಿದಂತೆ' ಎಂಬ ಮಾತು ಕಾಯ್ದೆಯಲ್ಲಿ ಎಷ್ಟು ಸಲ ಬರುತ್ತದೆಂದು ಎಣಿಸಿ. ಅಷ್ಟೂ ಕಡೆ ಸಂಸತ್ತು ತನ್ನ ಕೆಲಸವನ್ನು ಅಧಿಕಾರಿಗಳಿಗೆ ಬಿಟ್ಟುಕೊಟ್ಟಿದೆ ಎಂದರ್ಥ. ಪೌರತ್ವ ತಿದ್ದುಪಡಿ ಕಾಯ್ದೆ 2019ರ ಡಿಸೆಂಬರ್‌ನಲ್ಲಿ ಪಾಸಾಯಿತು. ನಿಯಮ ಬಂದದ್ದು 2024ರ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆ ಘೋಷಣೆಗೆ ಕೆಲವೇ ದಿನ ಮೊದಲು.

ನಾವು ಮಾಡಬಹುದಾದ್ದು

ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಮಂದಿ ಇದ್ದಾರೆ. ನಿಮ್ಮ ಸಂಸದರು ಯಾವ ಸ್ಥಾಯಿ ಸಮಿತಿಯಲ್ಲಿದ್ದಾರೆ, ಏನೇನು ಪ್ರಶ್ನೆ ಕೇಳಿದ್ದಾರೆ, ಸದನದಲ್ಲಿ ಏನು ಮಾತಾಡಿದ್ದಾರೆ ಎಂಬುದೆಲ್ಲ ಸಂಸತ್ತಿನ ವೆಬ್‌ಸೈಟಿನಲ್ಲಿದೆ. ಸಮಿತಿಗಳು ಸಲಹೆ ಕೇಳಿದಾಗ ಸಾಮಾನ್ಯವಾಗಿ 15 ದಿನ ಕೊಡುತ್ತವೆ. ಒಂದು ಪುಟ ಬರೆದು ಕಳಿಸಲು ವಕೀಲರೇ ಆಗಬೇಕಿಲ್ಲ. ಒಬ್ಬ ಸಂಸದರ ಮೇಲುಸಹಿ ಇದ್ದರೆ ಯಾವ ನಾಗರಿಕರೂ ಲೋಕಸಭೆಗೆ ಮನವಿ ಸಲ್ಲಿಸಬಹುದು.

ಸಂಸದರು ಊರಿಗೆ ಬಂದಾಗ ಫ್ಲೈಓವರ್, ರೈಲು ನಿಲುಗಡೆ ಕೇಳುವುದು ನಮಗೆ ರೂಢಿ. ಕೇಳಬೇಕು ಕೂಡ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: 'ಸಾರ್, ಹೋದ ವಾರ ಪಾಸಾದ ಆ ಮಸೂದೆ ನೀವು ಓದಿದ್ರಾ? ಅದನ್ನ ಸಮಿತಿಗೆ ಕಳಿಸಿ ಅಂತ ಯಾರಾದ್ರೂ ಕೇಳಿದ್ರಾ? ನೀವು ಕೇಳಿದ್ರಾ?' ಈ ಪ್ರಶ್ನೆ ಕೇಳುವ ಮತದಾರರು ಕ್ಷೇತ್ರಕ್ಕೆ ಐವತ್ತು ಜನ ಇದ್ದರೂ ಸಾಕು, ಮುಂದಿನ ಸಲ ದಿಲ್ಲಿ ವಿಮಾನ ಹತ್ತುವಾಗ ಅವರ ಬ್ಯಾಗಿನಲ್ಲಿ ಆ ವಾರದ ಕಾರ್ಯಕಲಾಪ ಪಟ್ಟಿ ಇರುತ್ತದೆ.